ಹಾಕಿ ಕೈಗೆ ಗಾಲ್ಫ್ ಕ್ಲಬ್: ಟೇಕ್‌ಅವೇನಲ್ಲಿ ಮಣಿಕಟ್ಟು ಏನು ಮಾಡಬೇಕು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ವಯಸ್ಸು 52. ಚಿಕ್ಕಂದಿನಿಂದ ಹಾಕಿ ಆಡಿದ್ದೇನೆ. ಎರಡು ವರ್ಷದಿಂದ ಗಾಲ್ಫ್ ಹುಚ್ಚು ಹತ್ತಿದೆ. ಬಲಗೈ ಆಟಗಾರ. ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದದ ಕ್ಲಬ್, ಹಿಡಿದರೆ ಚೆಂಡು ಬಲಕ್ಕೆ ಬಾಗಿ ಬಾಗಿ ಮರಗಳೊಳಗೆ ಹೋಗುತ್ತದೆ. ಒಬ್ಬ ಕೋಚ್ 'ಮೊದಲ ಎರಡು ಅಡಿ ಮಣಿಕಟ್ಟು ಅಲ್ಲಾಡಲೇಬಾರದು' ಎಂದರು. ಜೊತೆಗೆ ಆಡುವ ಹಿರಿಯರು 'ಶುರುವಿನಲ್ಲೇ ಮಣಿಕಟ್ಟು ಮಡಚಿಬಿಡು' ಎನ್ನುತ್ತಾರೆ. ಮಗಳು ಫೋನಿನಲ್ಲಿ ತೆಗೆದ ವಿಡಿಯೊ ನೋಡಿದರೆ, ಕ್ಲಬ್ ಹೊರಟ ಕೂಡಲೇ ನನ್ನ ಬೆನ್ನ ಹಿಂದಕ್ಕೆ ಹೋಗಿರುತ್ತದೆ. ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗ್ ಶುರುವಾಗುವಾಗ (ಅದೇ ಟೇಕ್‌ಅವೇ) ಕೈ ಮತ್ತು ಮಣಿಕಟ್ಟು ನಿಜವಾಗಿ ಏನು ಮಾಡಬೇಕು?

ಉತ್ತರ: ಹಾಕಿ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಹಾಕಿಯಲ್ಲಿ ಎಡಗೈ ಸ್ಟಿಕ್‌ನ ಮೇಲ್ತುದಿಯಲ್ಲಿ, ಬಲಗೈ ಕೆಳಗೆ. ಬಲಗೈ ಗಾಲ್ಫರ್‌ಗೂ ಇದೇ ಕ್ರಮ. ನಿಮ್ಮ ಹಾಕಿ ಸ್ಟಿಕ್‌ಗೂ, 7 ಐರನ್ ಎಂಬ ಮಧ್ಯಮ ಉದ್ದದ ಕ್ಲಬ್‌ಗೂ ಉದ್ದ ಹೆಚ್ಚೂಕಡಿಮೆ ಒಂದೇ. ಹಾಗಾಗಿ ಕ್ಲಬ್ ಕೈಗೆ ಬಂದ ಕೂಡಲೇ ಕೈಗಳು 'ಓ, ಇದು ನನಗೆ ಗೊತ್ತು' ಎಂದು ಹಳೇ ಕೆಲಸ ಶುರು ಮಾಡುತ್ತವೆ. ಆ ಹಳೇ ಕೆಲಸ ಯಾವುದು? ಸ್ಟಿಕ್ ತಿರುಗಿಸುವುದು. ದುಂಡಗಿನ ಹಿಂಬದಿಯಿಂದ ಚೆಂಡು ಮುಟ್ಟುವಂತಿಲ್ಲ, ಎಡಗೈ ಆಟಗಾರರಿಗೆ ಅಂತ ಬೇರೆ ಸ್ಟಿಕ್ಕೂ ಇಲ್ಲ. ಆದ್ದರಿಂದ ಎಡಗೈ ಸ್ಟಿಕ್ ಹೊರಳಿಸುತ್ತಲೇ ಇರಬೇಕು. ಬಲಗೈ ಸಡಿಲವಾಗಿ ಕೊಳವೆಯಂತೆ ಹಿಡಿದು, ಸ್ಟಿಕ್ ತನ್ನೊಳಗೆ ತಿರುಗಲು ಬಿಡುತ್ತದೆ. ಚೆಂಡು ಓಡುತ್ತಿರುತ್ತದೆ, ಎದುರಾಳಿ ಮೇಲೆ ಬೀಳುತ್ತಿರುತ್ತಾನೆ, ಆ ಹೊತ್ತಿಗೆ ಎಡ ಮಣಿಕಟ್ಟೇ ನಿಮ್ಮ ಸ್ಟೀರಿಂಗ್.

ಗಾಲ್ಫ್‌ನಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ. ಅಲ್ಲಿ ಮಣಿಕಟ್ಟಿಗೆ ಸ್ಟೀರಿಂಗ್ ಕೆಲಸ ಇಲ್ಲ. ಬಾಗಿಲ ಕೀಲಿನ ಕೆಲಸ ಇದೆ. ಅದೂ ಒಂದೇ ದಿಕ್ಕಿಗೆ ಮಡಚುವ ಕೀಲು. ನಿಮ್ಮ ತೊಂದರೆ ಮಣಿಕಟ್ಟು ಬೇಗ ಮಡಚುತ್ತದೆ ಎಂದೋ ತಡವಾಗಿ ಮಡಚುತ್ತದೆ ಎಂದೋ ಅಲ್ಲ. ಅದು ಮಡಚುವ ಬದಲು ಹೊರಳುತ್ತಿದೆ. ಕೋಚ್ ಹೇಳಿದ್ದೂ ಹಿರಿಯರು ಹೇಳಿದ್ದೂ ನಿಮಗೆ ಹಿಡಿಸದೇ ಇದ್ದದ್ದು ಇದಕ್ಕೇ. ಇಬ್ಬರೂ 'ಯಾವಾಗ' ಎಂಬುದರ ಬಗ್ಗೆ ಹೇಳಿದರು. 'ಯಾವ ಕಡೆಗೆ' ಎಂದು ಯಾರೂ ಹೇಳಲಿಲ್ಲ.

ಮಣಿಕಟ್ಟು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ಮೂರು ಬೇರೆ ಬೇರೆ ಆಟ ಇವೆ. ಎಡಗೈ ಮುಂದೆ ಚಾಚಿ, ಹೆಬ್ಬೆರಳು ಆಕಾಶ ನೋಡುವಂತೆ ಇಟ್ಟುಕೊಳ್ಳಿ. ಈಗ ಮೊಳೆ ಹೊಡೆಯಲು ಸುತ್ತಿಗೆ ಎತ್ತುವಂತೆ ಹೆಬ್ಬೆರಳನ್ನು ನಿಮ್ಮ ಕಡೆಗೆ ಮೇಲಕ್ಕೆತ್ತಿ. ಇದು ಮೊದಲನೆಯದು, ಮೇಲೆ-ಕೆಳಗೆ. ಎರಡನೆಯದು ಹಿಂದೆ-ಮುಂದೆ. ಟ್ರಾಫಿಕ್ ಪೊಲೀಸರು 'ನಿಲ್ಲಿ' ಎಂದು ಅಂಗೈ ತೋರಿಸುವಾಗ ಹಸ್ತ ಹಿಂದಕ್ಕೆ ಬಾಗಿರುತ್ತದಲ್ಲ, ಅದು ಹಿಂದೆ. ಅಂಗೈಯನ್ನು ಮುಂಗೈಯ ಒಳಬದಿಯತ್ತ ಮಡಚಿದರೆ ಅದು ಮುಂದೆ. ಮೂರನೆಯದು ಬೀಗ ತೆರೆಯುವಾಗ ಕೀಲಿಕೈ ತಿರುಗಿಸುತ್ತೀರಲ್ಲ, ಆ ಹೊರಳು. ನಿಜ ಹೇಳಬೇಕೆಂದರೆ ಈ ಮೂರನೆಯದು ಮಣಿಕಟ್ಟಿನದ್ದೇ ಅಲ್ಲ. ಮೊಣಕೈಯಿಂದ ಕೆಳಗೆ ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅವು ಒಂದರ ಮೇಲೊಂದು ಹೊರಳುತ್ತವೆ. ಮಣಿಕಟ್ಟು ಸುಮ್ನೆ ಜೊತೆಗೆ ಹೋಗುತ್ತದೆ.

ಈಗ ಲೆಕ್ಕ ನೋಡಿ. ದೇಹಶಾಸ್ತ್ರದ ಪ್ರಕಾರ ನೆಟ್ಟಗಿರುವ ಮಣಿಕಟ್ಟು ಹೆಬ್ಬೆರಳ ಕಡೆಗೆ ಬಾಗುವುದು ಸುಮಾರು 20 ಡಿಗ್ರಿ ಮಾತ್ರ. ಕಿರುಬೆರಳ ಕಡೆಗೆ ಸುಮಾರು 30. ಹಿಂದಕ್ಕೆ 70, ಮುಂದಕ್ಕೆ 80. ಮುಂಗೈಯ ಹೊರಳು ಆ ಕಡೆಗೂ ಈ ಕಡೆಗೂ ಸುಮಾರು 80. ಅಂದರೆ ನಮಗೆ ಬೇಕಾದ ಸುತ್ತಿಗೆ ಚಲನೆಯೇ ಎಲ್ಲಕ್ಕಿಂತ ಕಡಿಮೆ, ಬೇಡವಾದ ಹೊರಳೇ ಜಾಸ್ತಿ. ದೇಹ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಹಾಕಿ ಆಡದವರೂ ಕ್ಲಬ್ ಹೊರಳಿಸುವುದು ಇದಕ್ಕೇ. ನಿಮಗೆ ಅದರ ಮೇಲೆ ನಲವತ್ತು ವರ್ಷದ ಅಭ್ಯಾಸವೂ ಸೇರಿದೆ.

ನೀವು ಕೇಳಬಹುದು: ಇಪ್ಪತ್ತು ಡಿಗ್ರಿ ಮಾತ್ರ ಎಂದರೆ, ಟಿವಿಯಲ್ಲಿ ದೊಡ್ಡ ಆಟಗಾರರ ಎಡಗೈಗೂ ಕ್ಲಬ್ಬಿನ ಕೋಲಿಗೂ (ಶಾಫ್ಟ್) ನಡುವೆ ನೇರ ಮೂಲೆ, 90 ಡಿಗ್ರಿ, ಹೇಗೆ ಬರುತ್ತದೆ? ಇದು ಒಳ್ಳೇ ಪ್ರಶ್ನೆ, ನಾನೂ ತುಂಬಾ ದಿನ ತಲೆ ಕೆರೆದುಕೊಂಡಿದ್ದೆ. ಉತ್ತರ ಗ್ರಿಪ್‌ನಲ್ಲಿ, ಅಂದರೆ ಹಿಡಿತದಲ್ಲಿ ಇದೆ. ಕ್ಲಬ್ಬನ್ನು ನಾವು ಕೈಗೆ ನೇರವಾಗಿ ಬರ್ಚಿ ಹಿಡಿದಂತೆ ಹಿಡಿಯುವುದಿಲ್ಲ. ಬೆರಳುಗಳ ಬುಡದಲ್ಲಿ ಓರೆಯಾಗಿ ಹಿಡಿಯುತ್ತೇವೆ. ಚೆಂಡಿನ ಮುಂದೆ ನಿಂತಾಗಲೇ ಕೈಗೂ ಶಾಫ್ಟ್‌ಗೂ ನಡುವೆ ಒಂದು ಕೋನ ಇರುತ್ತದೆ. ಆ ಹೊತ್ತಿಗೆ ಮಣಿಕಟ್ಟು ಕಿರುಬೆರಳ ಕಡೆಗೆ ಸ್ವಲ್ಪ ಇಳಿದಿರುತ್ತದೆ. ಅಲ್ಲಿಂದ ಹೆಬ್ಬೆರಳ ಕಡೆಗೆ ಪೂರ್ತಿ ಎತ್ತಿದರೆ ಸಿಗುವುದು ಬರೀ 20 ಅಲ್ಲ, 40, 50 ಡಿಗ್ರಿ. ಮೊದಲೇ ಇದ್ದ ಕೋನಕ್ಕೆ ಇದು ಸೇರಿ ಆ ನೇರ ಮೂಲೆ ಆಗುತ್ತದೆ. ಯಾರು ಕ್ಲಬ್ಬನ್ನು ಬೆರಳುಗಳ ಬುಡದ ಬದಲು ಅಂಗೈಯೊಳಗೆ, ಗದೆ ಹಿಡಿದಂತೆ ಹಿಡಿಯುತ್ತಾರೋ ಅವರಿಗೆ ಈ ಮೂಲೆ ಜನ್ಮದಲ್ಲಿ ಸಿಗುವುದಿಲ್ಲ. ಸಿಗದಿದ್ದಾಗ ದೇಹ ಏನು ಮಾಡುತ್ತದೆ? ಹೊರಳಿಸುತ್ತದೆ.

ನಿಮ್ಮ ಎಡಗೈ ಗ್ಲೌಸ್ ತೆಗೆದು ನೋಡಿ. ಅಂಗೈಯ ಕೆಳಗೆ, ಕಿರುಬೆರಳಿನ ಕಡೆಯ ದಪ್ಪ ಮಾಂಸದ ಜಾಗದಲ್ಲಿ ಸವೆದು ತೂತು ಬಿದ್ದಿದೆಯಾ? ಹಾಗಿದ್ದರೆ ಕ್ಲಬ್ ಅಂಗೈಯಲ್ಲಿ ಕೂತಿದೆ, ಸ್ವಿಂಗ್‌ನಲ್ಲಿ ಜಾರುತ್ತಿದೆ. ಕ್ಲಬ್ಬಿನ ಹಿಡಿಯ ತುದಿ ಆ ದಪ್ಪ ಭಾಗದ ಕೆಳಗೆ ಬರಬೇಕು, ಅರ್ಧ ಇಂಚಿನಷ್ಟು ಹೊರಗೆ ಕಾಣಬೇಕು. ತುದಿಯನ್ನು ಅಂಗೈಯೊಳಗೆ ಮುಚ್ಚಿಟ್ಟುಕೊಂಡು ಆಡುವವರಿಗೆ ಇನ್ನೊಂದು ಅಪಾಯವೂ ಇದೆ. ಕ್ಲಬ್ ಚೆಂಡಿಗೆ ಮೊದಲು ಗಟ್ಟಿ ನೆಲಕ್ಕೆ ಬಡಿದರೆ ಆ ತುದಿ ಒಳಗೆ ಒತ್ತಿ, ಅಲ್ಲಿರುವ ಸಣ್ಣ ಕೊಕ್ಕೆಯಂಥ ಮೂಳೆ ಮುರಿಯಬಹುದು. ಗಾಲ್ಫರ್‌ಗಳಲ್ಲಿ ವೈದ್ಯರು ಕಾಣುವ ಪೆಟ್ಟು ಅದು. 52ರಲ್ಲಿ ಅದೆಲ್ಲ ಯಾಕೆ ಬೇಕು.

ಸರಿ, ಈಗ ಟೇಕ್‌ಅವೇಗೆ ಬರೋಣ. ಚೆಂಡಿನ ಹಿಂದಿನಿಂದ ಕ್ಲಬ್ ಹೊರಟು, ಶಾಫ್ಟ್ ಸೊಂಟದ ಮಟ್ಟದಲ್ಲಿ ನೆಲಕ್ಕೆ ಅಡ್ಡ ಮಲಗುವವರೆಗಿನ ದಾರಿಯೇ ಟೇಕ್‌ಅವೇ. ಚೆಂಡಿನ ಮುಂದೆ ನಿಂತ ಭಂಗಿಗೆ ಕೋಚ್‌ಗಳು ಪಿ1 ಎನ್ನುತ್ತಾರೆ, ಈ ಅಡ್ಡ ಶಾಫ್ಟ್‌ನ ಜಾಗಕ್ಕೆ ಪಿ2. ಪೂರ್ತಿ ಬ್ಯಾಕ್‌ಸ್ವಿಂಗ್‌ಗೆ ಒಳ್ಳೇ ಆಟಗಾರರು ತೆಗೆದುಕೊಳ್ಳುವುದು ಸುಮಾರು ಮುಕ್ಕಾಲು ಸೆಕೆಂಡ್, ಕೆಳಗೆ ಬರಲು ಕಾಲು ಸೆಕೆಂಡ್. ಆ ಕಾಲು ಸೆಕೆಂಡಿನಲ್ಲಿ ಯಾರಿಂದಲೂ ಏನನ್ನೂ ಸರಿಪಡಿಸಲು ಆಗದು. ನಮ್ಮ ಹಿಡಿತದಲ್ಲಿ ಇರುವುದು ಹೊರಡುವ ಹೊತ್ತು ಮಾತ್ರ. ನಾನು ಟೇಕ್‌ಅವೇ ಬಗ್ಗೆ ಇಷ್ಟು ತಲೆ ತಿನ್ನುವುದು ಅದಕ್ಕೇ.

ಪಿ1ರಲ್ಲಿ ಎಡ ಮಣಿಕಟ್ಟು ಚಪ್ಪಟೆಯಾಗಿ ಇರುವುದಿಲ್ಲ. ಹಸ್ತದ ಹಿಂಬದಿಯಲ್ಲಿ ಸಣ್ಣ ತಗ್ಗು ಇರುತ್ತದೆ. ಇರಲಿ, ಅದು ಸರಿಯೇ. ಬಹಳ ಜನ ಅಲ್ಲೇ ಮಣಿಕಟ್ಟನ್ನು ಹಲಗೆ ಮಾಡಲು ಹೋಗಿ ಕೈಗಳನ್ನು ಮುಂದಕ್ಕೆ ತಳ್ಳಿಬಿಡುತ್ತಾರೆ.

ಹೊರಡುವಾಗ ಎದೆ, ತೋಳು, ಕೈ, ಕ್ಲಬ್ ನಾಲ್ಕೂ ಹೆಚ್ಚೂಕಡಿಮೆ ಒಟ್ಟಿಗೆ ಹೊರಡಬೇಕು. ಮದುವೆ ದಿಬ್ಬಣದ ಹಾಗೆ, ವಾಲಗದವರು ಒಂದು ಫರ್ಲಾಂಗ್ ಮುಂದೆ ಹೋಗಿ ಮದುಮಗ ಹಿಂದೆ ಉಳಿಯಬಾರದು. ಹೊರಳುವ ಕೈಯವರಲ್ಲಿ ಆಗುವುದೇ ಅದು. ಕ್ಲಬ್‌ಹೆಡ್, ಅಂದರೆ ಚೆಂಡಿಗೆ ಬಡಿಯುವ ತಲೆ, ಓಡುತ್ತದೆ, ಎದೆ ಇನ್ನೂ ಚೆಂಡನ್ನೇ ನೋಡುತ್ತಿರುತ್ತದೆ. ಎದೆ ತಿರುಗಿದರೆ ಕೈಗಳಿಗೆ ಏನೂ ಮಾಡದೆಯೇ ಹಿಂದಕ್ಕೆ ಹೋಗುವ ದಾರಿ ಸಿಗುತ್ತದೆ. ಎದೆ ತಿರುಗದಿದ್ದರೆ ಕ್ಲಬ್ಬನ್ನು ಹಿಂದಕ್ಕೆ ಕಳಿಸಲು ಕೈಗಳಿಗೆ ಉಳಿಯುವುದು ಒಂದೇ ಉಪಾಯ, ಹೊರಳು.

ಮೊದಲ ಒಂದೂವರೆ, ಎರಡು ಅಡಿ ಮಣಿಕಟ್ಟು ಬಹುತೇಕ ಇದ್ದಂತೆಯೇ ಇರುತ್ತದೆ. ಬಿಗಿಯಾಗಿ ಅಲ್ಲ, ಸುಮ್ನೆ. ಆಮೇಲೆ ಬಲ ಮೊಣಕೈ ಮೆಲ್ಲಗೆ ಮಡಚಲು ಶುರುವಾಗುತ್ತದೆ. ಎಡಗೈ ನೀಟಾಗಿ ಚಾಚಿಕೊಂಡೇ ಇರುತ್ತದೆ. ಒಂದು ಕೈ ಗಿಡ್ಡವಾಗುತ್ತಿದೆ, ಇನ್ನೊಂದು ಉದ್ದಕ್ಕೇ ಇದೆ. ಎರಡೂ ಒಂದೇ ಹಿಡಿಯ ಮೇಲಿವೆ. ಹಾಗಾದಾಗ ಶಾಫ್ಟ್ ಮೇಲೇಳಲೇಬೇಕು. ಮಣಿಕಟ್ಟು ಮಡಚುವುದರಲ್ಲಿ ದೊಡ್ಡ ಪಾಲು ಹೀಗೆ ತಾನಾಗಿ ಆಗುವಂಥದ್ದು. ಅದರ ಜೊತೆಗೆ ಕ್ಲಬ್‌ಹೆಡ್‌ನ ತೂಕವೂ ಇದೆ. ಹಾಕಿ ಸ್ಟಿಕ್ 737 ಗ್ರಾಂವರೆಗೆ ಇರಬಹುದು. ಡ್ರೈವರ್ ಪೂರ್ತಿ ಸೇರಿಸಿದರೂ ಸುಮಾರು 300 ಗ್ರಾಂ, ಆದರೆ ಅದರಲ್ಲಿ ಸುಮಾರು 200 ಗ್ರಾಂ ಆ ಕೊನೆಯಲ್ಲೇ ಕೂತಿದೆ, ಅದೂ 45 ಇಂಚು ದೂರದಲ್ಲಿ. ಅದು ಸಾಗುವ ವೇಗಕ್ಕೆ ಸಡಿಲ ಮಣಿಕಟ್ಟು ತಾನೇ ಮಡಚಿಕೊಳ್ಳುತ್ತದೆ. ಬಿಗಿ ಹಿಡಿದರೆ ಮಾತ್ರ ಅದಕ್ಕೆ ಅವಕಾಶ ಇಲ್ಲ.

ಮಡಚುವ ದಿಕ್ಕಿನ ಬಗ್ಗೆ ಒಂದು ಮಾತು. ಇದೇ ಈ ಉತ್ತರದ ತಿರುಳು, ನಿಧಾನವಾಗಿ ಓದಿ. ನೀವು ಕಾಫಿ ನಾಡಿನವರು. ಕೊಂಬೆ ಕಡಿಯಲು ಕತ್ತಿ ಎತ್ತಿದ್ದೀರಿ. ಆಗ ಬಲ ಮಣಿಕಟ್ಟು ಬರೀ ಹೆಬ್ಬೆರಳ ಕಡೆಗೆ ಮೇಲೇಳುವುದಿಲ್ಲ. ಜೊತೆಗೇ ಸ್ವಲ್ಪ ಹಿಂದಕ್ಕೂ ಬಾಗುತ್ತದೆ. ಇಳಿಸುವಾಗ ಕಿರುಬೆರಳ ಕಡೆಗೂ ಮುಂದಕ್ಕೂ ಹೋಗುತ್ತದೆ. ಓರೆ ದಾರಿ ಅದು. ಮನುಷ್ಯನ ಮಣಿಕಟ್ಟಿಗೆ ಅತ್ಯಂತ ಸಲೀಸಾದ ದಾರಿಯೂ ಅದೇ. ಸುತ್ತಿಗೆ ಹೊಡೆಯುವುದು, ಕಲ್ಲೆಸೆಯುವುದು ಎಲ್ಲಾ ಅದರ ಮೇಲೇ. ಗಾಲ್ಫ್ ಬ್ಯಾಕ್‌ಸ್ವಿಂಗ್‌ನಲ್ಲಿ ಬಲಗೈ ಮಾಡಬೇಕಾದ್ದು ಇಷ್ಟೇ: ಕತ್ತಿ ಎತ್ತಿದ ಹಾಗೆ ಹಿಂದಕ್ಕೂ ಮೇಲಕ್ಕೂ ಓರೆಯಾಗಿ ಮಡಚುವುದು. ಎಡಗೈ ಅದಕ್ಕೆ ಹೊಂದಿಕೊಂಡು ಹೆಬ್ಬೆರಳ ಕಡೆಗೆ ಏಳುತ್ತದೆ. ಹಿಂಬದಿಯ ಆ ಸಣ್ಣ ತಗ್ಗು ಹೆಚ್ಚಾಗುವುದಿಲ್ಲ, ಬಹಳ ಜನ ಒಳ್ಳೇ ಆಟಗಾರರಲ್ಲಿ ಮೇಲೆ ಹೋಗುತ್ತಾ ಕಡಿಮೆಯೇ ಆಗುತ್ತದೆ. ಕತ್ತಿ ಎತ್ತುವಾಗ ಯಾರೂ ಬೀಗ ತೆರೆಯುವಂತೆ ಕೈ ಹೊರಳಿಸುವುದಿಲ್ಲ, ಅಲ್ವಾ? ಹೊರಳಿಸಿದರೆ ಅಲಗು ಅಡ್ಡ ಬೀಳುತ್ತದೆ.

ಪಿ2ಗೆ ಬಂದಾಗ ನಿಲ್ಲಿಸಿ ನೋಡಿ. ಹಿಂದಿನಿಂದ, ನಿಮ್ಮ ಕೈಗಳ ನೇರಕ್ಕೆ ನಿಂತು ನೋಡುವವರಿಗೆ ಕ್ಲಬ್‌ಹೆಡ್ ನಿಮ್ಮ ಕೈಗಳನ್ನು ಮುಚ್ಚಿದಂತೆ ಕಾಣಬೇಕು, ಅಥವಾ ಕೈಗಳಿಗಿಂತ ಒಂಚೂರು ಹೊರಗೆ, ಚೆಂಡಿನ ಕಡೆಗೆ. ಶಾಫ್ಟ್ ನಿಮ್ಮ ಕಾಲ್ಬೆರಳುಗಳ ಗೆರೆಗೆ ಹೊಂದಿ ಇರಬೇಕು. ಕೈಗಳು ಬಲ ತೊಡೆಯ ಹತ್ತಿರ, ದೇಹದಿಂದ ದೂರ ಓಡದೆ. ಕೈ ಒಳಗೆ, ಹೆಡ್ ಹೊರಗೆ. ನಿಮ್ಮ ವಿಡಿಯೊದಲ್ಲಿ ಇದು ತಲೆಕೆಳಗು: ಹೆಡ್ ಒಳಗೆ, ಬೆನ್ನ ಹಿಂದೆ, ಕೈ ಹೊರಗೆ. ಇನ್ನು ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ. ಅದು ನಿಮ್ಮ ಬೆನ್ನುಹುರಿ ಎಷ್ಟು ಬಾಗಿದೆಯೋ ಅಷ್ಟೇ ಓರೆಯಾಗಿ ನಿಲ್ಲಬೇಕು. ಕ್ಲಬ್‌ಹೆಡ್‌ನ ತುದಿ ಆಕಾಶಕ್ಕೆ ನೇರ ನಿಂತರೂ ತಪ್ಪೇನಿಲ್ಲ. ಫೇಸ್ ಪೂರ್ತಿ ಮಲಗಿ ಆಕಾಶ ನೋಡುತ್ತಿದ್ದರೆ ಅದು ಹೊರಳಿನ ಸಾಕ್ಷಿ.

ಹೊರಳಿದರೆ ಬಲಕ್ಕೆ ಯಾಕೆ ಬಾಗುತ್ತದೆ? ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ಕ್ಲಬ್‌ಫೇಸ್ ತೀರ್ಮಾನಿಸುತ್ತದೆ. ಕ್ಲಬ್ ಸಾಗುವ ದಾರಿಗಿಂತ ಫೇಸ್ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಟೇಕ್‌ಅವೇನಲ್ಲಿ ನೀವು ಫೇಸ್ ತೆರೆದಿರಿ, ಹೆಡ್ಡನ್ನು ಬೆನ್ನ ಹಿಂದೆ ಸಿಕ್ಕಿಸಿದಿರಿ. ಅಲ್ಲಿಂದ ಮೇಲಕ್ಕೆ ಹೋಗಲು ತೋಳುಗಳನ್ನು ಎತ್ತಲೇಬೇಕು. ಎತ್ತಿದ ತೋಳು ಕೆಳಗೆ ಬರುವಾಗ ಹೆಗಲು ಮೊದಲು ನುಗ್ಗುತ್ತದೆ, ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ. ತೆರೆದ ಫೇಸ್, ಕೊಯ್ಯುವ ದಾರಿ. ಸ್ಲೈಸ್ ಎಂದರೆ ಇಷ್ಟೇ. ಜನ ಕೆಳಗೆ ಬರುವ ತಪ್ಪನ್ನು ತಿದ್ದಲು ವರ್ಷಗಟ್ಟಲೆ ಹೆಣಗುತ್ತಾರೆ. ಅದು ಹುಟ್ಟಿದ್ದು ಮೊದಲ ಮೂರಡಿಯಲ್ಲಿ.

ಹಾಗಂತ ಮುಂಗೈ ಎಂದೂ ಹೊರಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಪಿ2 ದಾಟಿ ಎಡತೋಳು ನೆಲಕ್ಕೆ ಅಡ್ಡ ಬರುವಷ್ಟರಲ್ಲಿ ಎಡ ಮುಂಗೈ ಸ್ವಲ್ಪ ಹೊರಳಿಯೇ ಹೊರಳುತ್ತದೆ, ಶಾಫ್ಟ್ ಸರಿಯಾದ ಓರೆಗೆ ಬರುವುದು ಹಾಗೆಯೇ. ಆ ಹೊತ್ತಿಗೆ ಎದೆ ತಿರುಗಿರುತ್ತದೆ, ಅದರ ಜೊತೆಗೆ ಅದು ತಾನಾಗಿ ಆಗುತ್ತದೆ. ಹೊರಡುವಾಗಲೇ, ಎದೆಗಿಂತ ಮೊದಲೇ ಹೊರಳುವುದು ಮಾತ್ರ ಕೆಟ್ಟದ್ದು.

ಈಗ ನಿಮಗೆ ಸಲಹೆ ಕೊಟ್ಟ ಇಬ್ಬರ ವಿಷಯ. ಇಬ್ಬರೂ ಸುಳ್ಳು ಹೇಳಿಲ್ಲ. ಕೋಚ್ ಹೇಳಿದ್ದನ್ನು ಒನ್-ಪೀಸ್ ಟೇಕ್‌ಅವೇ ಎನ್ನುತ್ತಾರೆ. 18 ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು) ಗೆದ್ದ ಜ್ಯಾಕ್ ನಿಕ್ಲಾಸ್ ಹಾಗೆ ಆಡಿದವರು. ಅವರು ಕ್ಲಬ್ಬನ್ನು ನೆಲಕ್ಕೆ ಊರದೆ, ಚೆಂಡಿನ ಹಿಂದೆ ಸ್ವಲ್ಪ ಎತ್ತಿ ಹಿಡಿದುಕೊಂಡೇ ಹೊರಡುತ್ತಿದ್ದರು. ಹುಲ್ಲಿಗೆ ಸಿಕ್ಕಿ ತಡವರಿಸುವುದು ಇದರಿಂದ ತಪ್ಪುತ್ತದೆ, ಕೈ ಬಿಗಿಯಾಗುವುದೂ ಕಡಿಮೆ. ನೀವೂ ಮಾಡಿ ನೋಡಿ. ಸ್ಟೀವ್ ಸ್ಟ್ರಿಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಣಿಕಟ್ಟು ಮಡಚುತ್ತಾರೋ ಇಲ್ಲವೋ ಎನ್ನುವಷ್ಟು ಕಡಿಮೆ ಮಡಚಿ ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ 12 ಸಲ ಗೆದ್ದರು. ಅತ್ತ ಹಿರಿಯರ ಪಕ್ಷದಲ್ಲೂ ದೊಡ್ಡವರಿದ್ದಾರೆ. 1973ರ ಯುಎಸ್ ಓಪನ್ ಕೊನೆಯ ದಿನ ಓಕ್‌ಮಾಂಟ್ ಮೈದಾನದಲ್ಲಿ ಬರೀ 63 ಹೊಡೆತಗಳಲ್ಲಿ ಸುತ್ತು ಮುಗಿಸಿ ಗೆದ್ದ ಜಾನಿ ಮಿಲ್ಲರ್ ಬೇಗ ಮಡಚುತ್ತಿದ್ದವರು. ಆರು ಮೇಜರ್ ಗೆದ್ದ ನಿಕ್ ಫಾಲ್ಡೊ ಅಭ್ಯಾಸದಲ್ಲಿ ಮಣಿಕಟ್ಟನ್ನು ಮೊದಲೇ ಮಡಚಿಟ್ಟುಕೊಂಡು, ಆಮೇಲೆ ಹೆಗಲು ತಿರುಗಿಸುತ್ತಿದ್ದರು. ಬೇಗವೋ ತಡವೋ ಎನ್ನುವುದು ರುಚಿಯ ವಿಷಯ. ಇವರಲ್ಲಿ ಯಾರೂ ಹೊರಡುವಾಗ ಹೊರಳಿಸುವವರಲ್ಲ.

'ಮಣಿಕಟ್ಟು ಲಾಕ್ ಮಾಡಿ' ಎಂಬ ಮಾತಿನ ಮೇಲೆ ನನಗೆ ಸ್ವಂತ ಸಿಟ್ಟಿದೆ. ನಾನು ಕಲಿಯುವಾಗ ಒಬ್ಬರು ಹಾಗೇ ಹೇಳಿದರು. ನಾನು ಶ್ರದ್ಧೆಯಿಂದ ಲಾಕ್ ಮಾಡಿದೆ. ಮಣಿಕಟ್ಟು ಲಾಕ್ ಮಾಡಲು ಮುಂಗೈ ಬಿಗಿ ಹಿಡಿಯಬೇಕು, ಮುಂಗೈ ಬಿಗಿಯಾದರೆ ತೋಳು, ತೋಳಾದ ಮೇಲೆ ಹೆಗಲು. ಒಂದು ಮಳೆಗಾಲ ಪೂರ್ತಿ ಹಾಗೆ ಆಡಿ, ಚೆಂಡಿನ ಮೇಲ್ಭಾಗಕ್ಕೆ ಹೊಡೆದು ಹೊಡೆದು, ಎಡ ಮೊಣಕೈ ನೋವು ತಂದುಕೊಂಡೆ. ಆಮೇಲೆ ಒಬ್ಬ ಹಳೇ ಕ್ಯಾಡಿ, ನನ್ನ ಬ್ಯಾಗ್ ಹೊತ್ತು ಸುಮ್ಮನೆ ನೋಡುತ್ತಿದ್ದವರು, 'ಸಾರ್, ಕ್ಲಬ್ ಓಡಿ ಹೋಗಲ್ಲ, ಸ್ವಲ್ಪ ಬಿಡಿ' ಎಂದರು. ಅವತ್ತಿನಿಂದ ಲಾಕ್ ಎಂಬ ಪದವನ್ನು ನಾನು ಯಾರಿಗೂ ಹೇಳಿಲ್ಲ. ಸುಮ್ಮನಿರುವ ಮಣಿಕಟ್ಟು ಬೇರೆ, ಸತ್ತ ಮಣಿಕಟ್ಟು ಬೇರೆ.

ಫೋನಿನಲ್ಲಿ ವಿಡಿಯೊ ನೋಡುವ ಅಭ್ಯಾಸ ನಿಮಗಿದೆ ಎಂದು ಕಾಣುತ್ತದೆ. ಅಲ್ಲಿ ಎರಡು ವಿಷಯದಲ್ಲಿ ಹುಷಾರು. ಒಂದು, ಹಳೇ ಕಾಲದ ದೊಡ್ಡ ಆಟಗಾರ ಬೆನ್ ಹೋಗನ್ ಅವರ 'ರಹಸ್ಯ'. ಅವರು 1955ರಲ್ಲಿ ಲೈಫ್ ಪತ್ರಿಕೆಯಲ್ಲಿ ಅದನ್ನು ಬಿಟ್ಟುಕೊಟ್ಟರು: ಮುಂಗೈ ಹೊರಳಿಸುವುದು, ಎಡಗೈ ಗ್ರಿಪ್ಪನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಳ್ಳುವುದು, ಸ್ವಿಂಗ್‌ನ ಮೇಲ್ತುದಿಯಲ್ಲಿ ಎಡ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು. ಎಲ್ಲವೂ ಫೇಸ್ ತೆರೆಯುವ ಕೆಲಸ. ಯಾಕೆಂದರೆ ಹೋಗನ್‌ಗೆ ಕಾಡಿದ್ದು ಹುಕ್, ಚೆಂಡು ಎಡಕ್ಕೆ ತಿರುಗುವ ಕಾಯಿಲೆ. ನಿಮಗೆ ಇರುವುದು ಅದಕ್ಕೆ ಪೂರಾ ಉಲ್ಟಾ. ಪಕ್ಕದ ಮನೆಯವರ ಬಿಪಿ ಮಾತ್ರೆಯನ್ನು ನಾವು ನುಂಗಿದ ಹಾಗೆ. ಎರಡನೆಯದು, 2016ರ ಯುಎಸ್ ಓಪನ್, 2020ರ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್. ಅವರ ಎಡ ಮಣಿಕಟ್ಟು ಮೇಲೆ ಹೋದಾಗ ಮುಂದಕ್ಕೆ ಬಿಲ್ಲಿನಂತೆ ಬಾಗಿರುತ್ತದೆ, ಫೇಸ್ ಮುಚ್ಚಿರುತ್ತದೆ. ಸ್ಲೈಸ್ ಇರುವವರಿಗೆ ಇದು ಆಸೆ ಹುಟ್ಟಿಸುತ್ತದೆ. ಆದರೆ ಹಾಗೆ ಮುಚ್ಚಿದ ಫೇಸ್ ಇಟ್ಟುಕೊಂಡು ನೇರ ಹೊಡೆಯಲು ಅವರಷ್ಟೇ ಜೋರಾಗಿ ಸೊಂಟ, ಎದೆ ತಿರುಗಬೇಕು. ಅದು ನಿಮ್ಮಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ನೀವು ಮಾಡಬೇಕಾದ ಅಭ್ಯಾಸಕ್ಕೆ ಬರುತ್ತೇನೆ. ಮೊದಲು ಗ್ರಿಪ್. ಎಡಗೈ ಹಿಡಿದು ಮೇಲಿಂದ ನೋಡಿದಾಗ ತೋರುಬೆರಳು, ನಡುಬೆರಳಿನ ಗೆಣ್ಣುಗಳು ಸ್ಪಷ್ಟವಾಗಿ, ಮೂರನೆಯದು ಅರ್ಧ ಕಾಣಬೇಕು. ಒಂದೇ ಗೆಣ್ಣು ಕಾಣುತ್ತಿದ್ದರೆ ಕೈಯನ್ನು ಬಲಕ್ಕೆ ತಿರುಗಿಸಿಕೊಳ್ಳಿ. ಹಿಡಿತದ ಬಿಗಿ: ತುಂಬಿದ ಕಾಫಿ ಲೋಟ ಎತ್ತುವಷ್ಟು ಸಾಕು.

ಆಮೇಲೆ ಇದು. 7 ಐರನ್ ತಗೊಳ್ಳಿ. ಎರಡು ಕೈಗಳ ನಡುವೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು, ನಿಮಗೆ ರೂಢಿ ಇರುವ ಹಾಕಿ ಹಿಡಿತದಲ್ಲೇ ಹಿಡಿಯಿರಿ. ಆದರೆ ಒಂದು ಬದಲಾವಣೆ. ಈ ಸಲ ಯಜಮಾನ ಬಲಗೈ. ಎಡಗೈ ಸುಮ್ನೆ ಜೊತೆಗೆ ಬರಲಿ. ನಿಧಾನವಾಗಿ ಪಿ2ವರೆಗೆ ಹೋಗಿ. ಕೈಗಳು ದೂರ ಇರುವುದರಿಂದ ಬಲ ಮೊಣಕೈ ಮಡಚುವುದು, ಬಲ ಮಣಿಕಟ್ಟು ಕತ್ತಿ ಎತ್ತಿದಂತೆ ಓರೆಯಾಗಿ ಏಳುವುದು ನಿಮಗೆ ಚೆನ್ನಾಗಿ ಗೊತ್ತಾಗುತ್ತದೆ. ಎಡಗೈ ಹೊರಳಿಸಲು ಹೋದರೆ ಬಲ ಅಂಗೈಯೊಳಗೆ ಗ್ರಿಪ್ ತಿರುಗಿದ್ದು ಕೂಡಲೇ ತಿಳಿಯುತ್ತದೆ. ಹಾಕಿಯಲ್ಲಿ ಕೊಳವೆಯಾಗಿದ್ದ ಬಲಗೈ ಇಲ್ಲಿ ಬಾಗಿಲ ಕೀಲಾಗಬೇಕು: ಅದರೊಳಗೆ ಕ್ಲಬ್ ತಿರುಗಬಾರದು. ಹೀಗೆ ದಿನಕ್ಕೆ 20 ಸಲ, ಚೆಂಡಿಲ್ಲದೆ, ಮನೆಯಂಗಳದಲ್ಲೇ ಸಾಕು. ಹಾಕಿ ಆಡಿದ ಇನ್ನೂ ಕೆಲವರಿಗೆ ಇದನ್ನು ಕೊಟ್ಟಿದ್ದೇನೆ. ಬೇರೆಯವರಿಗಿಂತ ಅವರಿಗೆ ಬೇಗ ಹತ್ತುತ್ತದೆ, ಯಾಕೆಂದರೆ ಕೈ ಬೇರೆ ಬೇರೆ ಇಟ್ಟು ಹಿಡಿಯುವುದು ಅವರಿಗೆ ಹೊಸತಲ್ಲ.

ಎರಡನೆಯದಕ್ಕೆ ಇನ್ನೊಂದು ಚೆಂಡು ಬೇಕು. ಹೊಡೆಯುವ ಚೆಂಡಿನ ಹಿಂದೆ ಕ್ಲಬ್ ಇಟ್ಟಿದ್ದೀರಿ. ಕ್ಲಬ್‌ಹೆಡ್‌ನ ಹಿಂಬದಿಗೆ ತಾಗುವಂತೆ ಎರಡನೇ ಚೆಂಡು ಇಡಿ. ಟೇಕ್‌ಅವೇ ಮಾಡುವಾಗ ಕ್ಲಬ್‌ಹೆಡ್ ಆ ಚೆಂಡನ್ನು ಹಿಂದಕ್ಕೆ ಉರುಳಿಸಬೇಕು. ಅದು ನೇರ ಹಿಂದಕ್ಕೆ, ಗುರಿಯ ಗೆರೆಯ ಮೇಲೇ ಉರುಳಿದರೆ ಗೆದ್ದಿರಿ. ನಿಮ್ಮ ಬಲಗಾಲಿನ ಹಿಂದಕ್ಕೆ ಓಡಿದರೆ ಹೆಡ್ ಒಳಗೆ ಎಳೆದಿದೆ. ಚೆಂಡು ಉರುಳದೆ ಅಲ್ಲೇ ಉಳಿದರೆ ಹೊರಡುವಾಗಲೇ ಕ್ಲಬ್ ಎತ್ತಿಬಿಟ್ಟಿರಿ. ಈ ಅಭ್ಯಾಸದ ಮೊದಲ ವಾರ ನಿಮಗೆ ಕ್ಲಬ್ಬನ್ನು ಹೊರಕ್ಕೆ, ರಸ್ತೆ ಕಡೆಗೆ ತಳ್ಳುತ್ತಿದ್ದೇನೆ ಎನಿಸುತ್ತದೆ. ಅನಿಸಲಿ. ನಲವತ್ತು ವರ್ಷ ಒಳಗೆ ಎಳೆದ ಕೈಗೆ ನೇರ ಎಂದರೆ ಹೊರಗೆ ಎಂದೇ ಅನಿಸುತ್ತದೆ.

ಡ್ರೈವರ್ ಸದ್ಯಕ್ಕೆ ಬ್ಯಾಗಿನಲ್ಲೇ ಇರಲಿ. ಮೊದಲು ಗಿಡ್ಡ ಕ್ಲಬ್‌ಗಳಾದ ವೆಡ್ಜ್, 9 ಐರನ್, ಆಮೇಲೆ 7. ಸಣ್ಣ ಕ್ಲಬ್‌ನಲ್ಲಿ ಮಣಿಕಟ್ಟು ಸ್ವಲ್ಪ ಬೇಗ ಮಡಚುತ್ತದೆ, ಉದ್ದದ್ದರಲ್ಲಿ ಸ್ವಲ್ಪ ತಡ. ನೀವು ಬೇಕಂತ ಮಾಡಬೇಕಾಗಿಲ್ಲ, ಉದ್ದವೇ ಅದನ್ನು ನೋಡಿಕೊಳ್ಳುತ್ತದೆ. ಹೆಬ್ಬೆರಳಿನ ಬುಡದಲ್ಲೋ, ಮಣಿಕಟ್ಟಿನ ಕಿರುಬೆರಳ ಕಡೆಯಲ್ಲೋ ನೋವು ಬಂದರೆ ಎರಡು ವಾರ ಕ್ಲಬ್ ಮುಟ್ಟಬೇಡಿ. ಆಮೇಲೂ ಇದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಎಣ್ಣೆ ತಿಕ್ಕಿಸಿಕೊಂಡು ಆಡಲು ಹೋಗಬೇಡಿ.

ಕೊನೆಗೆ ಆ ವಿಡಿಯೊ ವಿಷಯ. ಮಗಳು ಎಲ್ಲಿ ನಿಂತು ತೆಗೆದರು ಎಂದು ನೀವು ಬರೆದಿಲ್ಲ. ಕ್ಯಾಮೆರಾ ನಿಮ್ಮ ಪಾದಗಳ ಗೆರೆಯ ಹಿಂದೆ ಇದ್ದರೆ ಸರಿಯಾದ ಟೇಕ್‌ಅವೇ ಕೂಡ ಬೇರೆ ಥರ ಕಾಣುತ್ತದೆ. ನಿಮ್ಮ ಕೈಗಳ ಎತ್ತರಕ್ಕೆ ಫೋನ್ ಹಿಡಿದು, ಕೈಗಳ ನೇರಕ್ಕೆ ಹಿಂದೆ ನಾಲ್ಕೈದು ಹೆಜ್ಜೆ ದೂರದಲ್ಲಿ ನಿಲ್ಲಲು ಹೇಳಿ. ನೆಲದ ಮೇಲೆ ಕಾಲ್ಬೆರಳುಗಳ ಗೆರೆಗೆ ಒಂದು ಛತ್ರಿ ಮಲಗಿಸಿ. ನಿಧಾನ ಮಾಡಿ ನೋಡುವಾಗ ಮೇಲ್ತುದಿ, ಫಾಲೋ ಥ್ರೂ ಯಾವುದೂ ಬೇಡ. ಶಾಫ್ಟ್ ಆ ಛತ್ರಿಗೆ ಸಮಾನಾಂತರವಾಗಿ ಮಲಗುವ ಒಂದು ಫ್ರೇಮ್ ಇದೆಯಲ್ಲ, ಅಲ್ಲಿ ನಿಲ್ಲಿಸಿ. ಕ್ಲಬ್‌ಹೆಡ್ ಕೈಗಳನ್ನು ಮುಚ್ಚಿದಂತೆ ಕಾಣುತ್ತದಾ, ಬೆನ್ನ ಹಿಂದಕ್ಕೆ ಹೋಗಿದೆಯಾ ಎಂದಷ್ಟೇ ನೋಡಿ. ಮೂರು ವಾರ ಆದ ಮೇಲೆ ಆ ಒಂದು ಫ್ರೇಮನ್ನು, ಇವತ್ತಿನದರ ಪಕ್ಕದಲ್ಲಿಟ್ಟು, ನನಗೆ ಕಳಿಸಿ.